ಹೋಲ್ಡ್‌ನಲ್ಲಿಟ್ಟ ಕರೆ

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಲ್ಯಾಪ್‌ಟಾಪ್ ಕ್ಯಾಮೆರಾದ ಮೇಲೆ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದೇನೆ. ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿಗೆ ಯಾರಾದರೂ ಯುಗಾದಿ ಶುಭಾಶಯದ ಲಿಂಕ್ ಕಳಿಸಿದರೆ ಒತ್ತುವುದಿಲ್ಲ. ಗಂಡ ನಗುತ್ತಾನೆ. ನಗಲಿ.

ಪಾರ್ಸಿಪನಿಯ ಮನೆಯಿಂದ ದಿನಾ ಕಮ್ಯೂಟ್ ಮಾಡಿ ನಾನು ಹೋಗುವುದು ನ್ಯೂವಾರ್ಕ್ ಬಂದರಿನ ಪಕ್ಕದ ಒಂದು ಸರಕು ಸಾಗಣೆ ಕಚೇರಿಗೆ. ಹಡಗಿನಿಂದ ಇಳಿದ ಪ್ರತಿ ಕಂಟೇನರಿಗೂ ನಾವು ಒಂದು ಕೋಡ್ ಕೊಡುತ್ತೇವೆ. ಗೇಟಿನಲ್ಲಿ ಆ ಅಂಕಿ ಸರಿಯಾಗಿ ಹೇಳಿದ ಟ್ರಕ್ಕಿನವನು ಕಂಟೇನರ್ ಎಳೆದುಕೊಂಡು ಹೊರಟುಬಿಡಬಹುದು. ಪಕ್ಕದ ಕಚೇರಿಯವರು ಒಮ್ಮೆ ಸುಳ್ಳು ಇ-ಮೇಲ್ ನಂಬಿ ಕೋಡ್ ಕೊಟ್ಟು, ಇಡೀ ಕಂಟೇನರ್ ಔಷಧಿ ಕಳೆದುಕೊಂಡಿದ್ದರು.

ಹಾಗಾಗಿ ಆ ಮಧ್ಯಾಹ್ನ ಫೋನಿನಲ್ಲಿ ಕನ್ನಡ ಕೇಳಿಸಿದಾಗ ನನಗೆ ಖುಷಿಯಾಗಲಿಲ್ಲ, ಮೈಯೆಲ್ಲ ಕಿವಿಯಾಯಿತು.

“ನಮಸ್ಕಾರ್ರೀ ಅಕ್ಕಾರ, ಮೇಲ್‌ನ್ಯಾಗ ನಿಮ್ಮ ಹೆಸರು ನೋಡಿ ನಮ್ಮವರ ಇರಬೇಕು ಅನ್ಕೊಂಡೆ. ನಾ ನಿಮ್ಮ ಕಂಟೇನರ್ ಒಯ್ಯೋ ಟ್ರಕ್ ಕಂಪನಿ ಡಿಸ್ಪ್ಯಾಚ್‌ದಾಕಿ. ಡ್ರೈವರ್ ಗೇಟ್‌ನ್ಯಾಗ ನಿಂತಾನ, ಕೋಡ್ ತಪ್ಪೈತಿ ಅಂತ ತೋರಸಾಕತ್ತೈತ್ರೀ. ಮೂರಕ್ಕ ಅಪಾಯಿಂಟ್‌ಮೆಂಟ್ ಮುಗೀತೈತಿ. ಕೆಲಸಕ್ಕ ಸೇರಿ ಇದು ಮೊದಲನೇ ವಾರ್ರೀ. ಇವತ್ತ ತಪ್ಪಿದ್ರ ನನ್ನ ಮನಿಗೆ ಕಳಿಸ್ತಾರ.”

ಐವತ್ತರ ಆಸುಪಾಸಿನ ಹೆಂಗಸಿನ ದನಿ, ಧಾರವಾಡದ ಕಡೆಯ ಮಾತು. ಅವಸರ ಮಾಡುವುದು, ಅಕ್ಕಾ ಅನ್ನುವುದು, ಕಳ್ಳರು ಮಾಡುವುದೂ ಇದನ್ನೇ.

“ಧಾರವಾಡದಲ್ಲಿ ಎಲ್ಲಿ?” ಎಂದೆ.

“ಮಾಳಮಡ್ಡಿ ರೀ, ಸ್ಟೇಷನ್ ಹತ್ರ.”

ಒಂದಿಷ್ಟೂ ತಡವರಿಸದೆ ಹೇಳಿದಳು. ಅದರಿಂದಲೇ ನನ್ನ ಅನುಮಾನ ಹೆಚ್ಚಾಯಿತು.

ಅವಳನ್ನು ಹೋಲ್ಡ್‌ನಲ್ಲಿಟ್ಟು, ನಮ್ಮ ಫೈಲಿನಲ್ಲಿದ್ದ ಆ ಕಂಪನಿಯ ನಂಬರಿಗೆ ಕರೆ ಮಾಡಿದೆ. ಕೋಡ್ ಕೊಡುವ ಮುಂಚೆ ಹಾಗೆ ಮಾಡಲೇಬೇಕೆಂಬುದು ನಿಯಮ. ನಂಬರ್ ಚಾಲ್ತಿಯಲ್ಲಿರಲಿಲ್ಲ. ಮತ್ತೆ ಅವಳ ಕರೆಗೆ ಬಂದು ಕೇಳಿದರೆ, “ಆಫೀಸ್ ಶಿಫ್ಟ್ ಆತ್ರೀ, ನಂಬರ್ ಬದಲಾಗೈತಿ” ಎಂದಳು. ಕಳ್ಳರು ಅದನ್ನೂ ಹೇಳುತ್ತಾರೆ. “ಸಾರಿ, ಐ ಕಾಂಟ್ ಹೆಲ್ಪ್ ಯು” ಎಂದು ಫೋನ್ ಇಟ್ಟೆ. ಅಷ್ಟಕ್ಕೇ ಬಿಡದೆ ಸೆಕ್ಯುರಿಟಿ ತಂಡಕ್ಕೂ ಬರೆದೆ. ಅವರು ಆ ಕಂಪನಿಗೆ ಹೋಗಬೇಕಿದ್ದ ಎಲ್ಲ ಕಂಟೇನರುಗಳನ್ನೂ ಅಂದಿಗೆ ತಡೆದರು. ಡ್ರೈವರ್ ಖಾಲಿ ಟ್ರಕ್ಕಿನಲ್ಲಿ ವಾಪಸು ಹೋದ.

ಮರುದಿನ ಎಲ್ಲ ಗೊತ್ತಾಯಿತು. ಕಂಪನಿಯೂ ನಿಜ, ಹೆಂಗಸೂ ನಿಜ. ಅವರ ಮಾಲೀಕರು ಹೊಸ ನಂಬರನ್ನು ನಮಗೆ ತಿಳಿಸಿರಲಿಲ್ಲ, ಅಷ್ಟೇ. ಆ ನಂಬರಿಗೆ ಫೋನ್ ಮಾಡಿ ಅವಳಿದ್ದಾಳಾ ಎಂದು ಕೇಳಿದೆ. “ಶಿ ಡಸಂಟ್ ವರ್ಕ್ ಹಿಯರ್ ಎನಿಮೋರ್” ಎಂದರು. ಮನೆಗೆ ಬಂದು, ನಾನು ಮಾಡಿದ್ದರಲ್ಲಿ ತಪ್ಪೇನಿದೆ ಎಂದು ಗಂಡನ ಮೇಲೆ ಹರಿಹಾಯ್ದೆ. ಪಾಪ, ಅವನು ತಪ್ಪೆಂದು ಅಂದೇ ಇರಲಿಲ್ಲ.

ಮ್ಯಾನೇಜರಿಗೆ ಮಾತ್ರ ಬಲು ಸಂತೋಷ. ನಿಯಮ ಪಾಲಿಸುವುದೆಂದರೆ ಹೀಗೆ ಎಂದು, ಮುಂದಿನ ವಾರದ ತರಬೇತಿಯಲ್ಲಿ ಆ ಕರೆಯ ರೆಕಾರ್ಡಿಂಗ್ ಹಾಕಿದರು. ನಾನು ಹೋಲ್ಡ್‌ನಲ್ಲಿಟ್ಟಿದ್ದ ಹೊತ್ತೂ ಅವಳ ಕಡೆಯ ದನಿ ದಾಖಲಾಗಿತ್ತು. ಮೆಲ್ಲಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು:

“ಹೆದರಬ್ಯಾಡ, ನಮ್ಮಾಕಿ ಸಿಕ್ಕಾಳ. ಆಕಿ ಕೈ ಬಿಡಂಗಿಲ್ಲ.”

“ವಾಟ್ಸ್ ಶಿ ಸೇಯಿಂಗ್?” ಮ್ಯಾನೇಜರ್ ನನ್ನತ್ತ ತಿರುಗಿದರು. ಆ ಕೋಣೆಯಲ್ಲಿ ಕನ್ನಡ ಬರುವವಳು ನಾನೊಬ್ಬಳೇ.

“ಶಿ ಈಸ್ ಆಸ್ಕಿಂಗ್ ಫಾರ್ ದ ಕೋಡ್” ಎಂದೆ.