ಅಪ್ಪನ ಪಿಸ್ತೂಲಿಗೆ ಅತ್ತೆಯ ಎಣ್ಣೆ

ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುವ ಅಂಗಡಿಯೊಂದಿದೆ. ಅದರ ಮುಂದೆ ಹಾದುಹೋಗುವಾಗ ಮಿಷನ್ ಎಣ್ಣೆಯ ವಾಸನೆ ಬಂದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಬಾಲ್ಯ ಅಂದರೆ ನಿಮಗೆ ಮಲ್ಲಿಗೆಯೋ ಒಗ್ಗರಣೆಯೋ ಹೊಸ ಪುಸ್ತಕವೋ ನೆನಪಾಗಬಹುದು. ಆಗಲಿ, ನನ್ನದೇನೂ ತಕರಾರಿಲ್ಲ. ನನಗೆ ಮಾತ್ರ ಈ ಎಣ್ಣೆ, ಬೆವರು ಕುಡಿದ ಚರ್ಮ ಮತ್ತು ಒರೆಸಿಟ್ಟ ಕಬ್ಬಿಣ ಸೇರಿದ ವಾಸನೆಯೇ ನಮ್ಮ ಮನೆ. ಹೆಂಗಸಾಗಿ ಪಿಸ್ತೂಲಿನ ವಾಸನೆಯನ್ನು ಹೀಗೆ ಹಂಬಲಿಸುತ್ತಾಳಲ್ಲ ಎಂದು ಜನ ಒಂಥರಾ ನೋಡುತ್ತಾರೆ. ನೋಡಲಿ ಬಿಡಿ.

ಆಗ ನಾವು ಚಿನ್ನದ ಗಣಿಯ ಪಕ್ಕದ ಚಾಂಪಿಯನ್ ರೀಫ್ಸ್‌ನಲ್ಲಿ, ಸಾಲಾಗಿ ಕಟ್ಟಿದ ಲೈನ್ ಮನೆಯೊಂದರಲ್ಲಿದ್ದೆವು. ತಗಡಿನ ಸೂರು, ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಮೊಣಕಾಲೆತ್ತರದ ಜಗಲಿ. ಅಪ್ಪ ಬಂಗಾರಪೇಟೆಯ ಒಡವೆ ಅಂಗಡಿಯ ಸೇಟುವಿನ ಹತ್ತಿರ ಕೆಲಸಕ್ಕಿದ್ದರು. ಇಲ್ಲಿನ ಅಕ್ಕಸಾಲಿಗರು ಮಾಡಿಕೊಟ್ಟ ಒಡವೆಗಳನ್ನು ರೈಲಿನಲ್ಲಿ ಅಂಗಡಿಗೆ ತಲುಪಿಸುವುದು ಅವರ ಕೆಲಸ. ಅದಕ್ಕಾಗಿ ಲೈಸೆನ್ಸ್ ಮಾಡಿಸಿದ ರಿವಾಲ್ವರೊಂದು ದಿನವಿಡೀ ಅವರ ಸೊಂಟದಲ್ಲಿರುತ್ತಿತ್ತು. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ಪಿಸ್ತೂಲು. ಹಾಗಂತ ಅಪ್ಪ ಮೀಸೆ ತಿರುವುವ ಆಳೇನಲ್ಲ. ಬೀದಿನಾಯಿ ಬೊಗಳಿದರೂ ಪಕ್ಕಕ್ಕೆ ಸರಿದು ದಾರಿ ಬಿಡುವ ಮನುಷ್ಯ. ಅವರಿಗೆ ಕಳ್ಳರಿಗಿಂತ ತಮ್ಮ ಬೆವರಿನ ಭಯವೇ ಹೆಚ್ಚಾಗಿತ್ತು. ರೈಲಿನ ನೂಕುನುಗ್ಗಲಿನಲ್ಲಿ ಅಂಗಿ ಒದ್ದೆಯಾಗಿ, ಆ ಉಪ್ಪುನೀರು ಚರ್ಮದ ಚೀಲಕ್ಕಿಳಿದು, ಅಲ್ಲಿಂದ ಉಕ್ಕನ್ನು ತಿನ್ನಲು ಶುರುಮಾಡುತ್ತಿತ್ತು.

ಸಂಜೆ ಬಂದವರೇ ಗುಂಡುಗಳನ್ನೆಲ್ಲ ತೆಗೆದು, ಹಿತ್ತಾಳೆ ಬಟ್ಟಲಿಗೆ ಹಾಕಿ, ಬೀರುವಿನಲ್ಲಿಟ್ಟು ಬೀಗ ಜಡಿಯುತ್ತಿದ್ದರು. ಚರ್ಮದ ಚೀಲ ಮೊಳೆಗೆ ನೇತುಬಿದ್ದು ರಾತ್ರಿಯಿಡೀ ಆರಬೇಕು; ಪಿಸ್ತೂಲನ್ನು ಅದರೊಳಗೇ ಮಲಗಿಸಿದರೆ ಬೆಳಗಾಗುವಷ್ಟರಲ್ಲಿ ಕೆಂಪಗೆ ಪೊರೆ ಕಟ್ಟುತ್ತಿತ್ತು. ಆಮೇಲೆ ಹಳೆಯ ಪಂಚೆಯ ತುಂಡು, ಮಿಷನ್ ಎಣ್ಣೆಯ ಮೂತಿಡಬ್ಬಿ. ಎಣ್ಣೆ ರತ್ನತ್ತೆಯದು. ಅವಳು ಅಪ್ಪನ ಅಕ್ಕ. ಗಂಡ ಉರಿಗಾಂ ಗಣಿಯಲ್ಲಿ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನೊಂದನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದವಳು, ಮತ್ತೆಲ್ಲಿಗೂ ಹೋಗಲು ಜಾಗವಿಲ್ಲದವಳು. ಮಿಷನ್ ತುಳಿಯುತ್ತಲೇ ತಮ್ಮನ ಕಡೆ ಒಂದು ಕಣ್ಣಿಟ್ಟಿರುತ್ತಿದ್ದಳು. “ಜಾಸ್ತಿ ಆಯ್ತು ರಾಜು, ಒರ್ಸು. ಎಣ್ಣೆ ನಿಂತ್ರೆ ದಿಬ್ಬದ್ ಧೂಳೆಲ್ಲಾ ಬಂದು ಅಂಟ್ಕೊಂತದೆ.” ದಿಬ್ಬವೆಂದರೆ ಗಣಿಯ ಪುಡಿಮಣ್ಣು ಸುರಿದು ಸುರಿದು ಎದ್ದ ಗುಡ್ಡ, ಗಾಳಿ ಬೀಸಿದರೆ ಅದರ ಧೂಳು ನಮ್ಮ ಅನ್ನದ ತಟ್ಟೆಗೂ ಬರುತ್ತಿತ್ತು. ಒಮ್ಮೆ ಎಣ್ಣೆ ಮುಗಿದಿದೆಯೆಂದು ಅಪ್ಪ ಕೊಬ್ಬರಿ ಎಣ್ಣೆ ಹಚ್ಚಿ, ಮಾಗಿಯ ಚಳಿಗೆ ಅದು ಗಟ್ಟಿಯಾಗಿ ಟ್ರಿಗರ್ ಕಚ್ಚಿಕೊಂಡಿತ್ತು. ಪಿಸ್ತೂಲಿಗೆ ತಲೆ ಬಾಚಿ ಹೂ ಮುಡಿಸುವುದೊಂದು ಬಾಕಿ ಎಂದು ಅತ್ತೆ ವಾರವೆಲ್ಲ ನಕ್ಕಿದ್ದಳು.

ಇಷ್ಟೆಲ್ಲ ಹೇಳಿಕೊಡುತ್ತಿದ್ದ ಅತ್ತೆ ಆ ಪಿಸ್ತೂಲನ್ನು ಒಂದು ದಿನವೂ ಮುಟ್ಟುವಂತಿರಲಿಲ್ಲ. ಅದು ಅಜ್ಜಿಯ ಕಟ್ಟಪ್ಪಣೆ. ಹೆತ್ತ ಮಗಳೇ ಆದರೂ ಗಂಡನನ್ನು ಕಳೆದುಕೊಂಡವಳ ಕೈ ಮಗನ ಜೀವ ಕಾಯುವ ಕಬ್ಬಿಣಕ್ಕೆ ಸೋಕಬಾರದು ಎಂದು ಅಜ್ಜಿ ನಂಬಿದ್ದಳು. ಆಯುಧ ಪೂಜೆಯ ದಿನ ಮಾತ್ರ ಅಜ್ಜಿಯೇ ಅದನ್ನು ಮಣೆಯ ಮೇಲಿಟ್ಟು, ಅರಿಶಿನವನ್ನು ನೀರಲ್ಲಿ ಕಲಸಿ ಬಳಿದು, ಕುಂಕುಮ ಮೆತ್ತಿ, ನಿಂಬೆಹಣ್ಣು ಕೊಯ್ದು ಹಿಂಡುತ್ತಿದ್ದಳು. ಮಾರನೆಯ ದಿನದ ಪೂಜೆಯವರೆಗೆ ಯಾರೂ ಮುಟ್ಟಕೂಡದು. ಒಂದು ವರ್ಷ ಹಾಗೆ ಬಿಟ್ಟಿದ್ದಕ್ಕೆ ಕುಂಕುಮವಿದ್ದ ಕಡೆಯೆಲ್ಲ ಉಕ್ಕು ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿದು, ಗುಂಡು ತುಂಬುವ ಗಾಲಿ ತಿರುಗದೆ ಅರ್ಧಕ್ಕೇ ನಿಂತಿತ್ತು. ಸೇಟು ಅದನ್ನು ಕಂಡು, ಇನ್ನೊಂದು ಸಲ ಹೀಗಾದರೆ ಬೇರೆ ಆಳು ನೋಡಿಕೊಳ್ಳುತ್ತೇನೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದ. ಅಪ್ಪನ ಆ ಕೆಲಸವೇ ನಮ್ಮೆಲ್ಲರ ಊಟ.

ಆದರೂ ಅಜ್ಜಿ ಮರುವರ್ಷ ಮತ್ತೆ ಅರಿಶಿನ ಕಲಸಿದಳು. ಅಪ್ಪ ಅಂಗಡಿಯ ಪೂಜೆಗೆ ಹೋಗಿದ್ದರು. ಆರತಿಯಾದ ಮೇಲೆ ಅತ್ತೆ ಮಣೆಯ ಮುಂದೆ ಬಗ್ಗಿ ನೋಡಿದಳು. ನಿಂಬೆರಸ ಗಾಲಿಯ ಸಂದಿಗೆ ಇಳಿಯುತ್ತಿತ್ತು. ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಸ್ತೂಲನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಒರೆಸತೊಡಗಿದಳು. ಅಡುಗೆಮನೆಯಿಂದ ಬಂದ ಅಜ್ಜಿ ಹೌಹಾರಿದಳು.

“ಮುಟ್ಬ್ಯಾಡ ರತ್ನಾ! ನಾಳೆ ಪೂಜೆ ಆಗೋವರ್ಗೂ ಅದು ದೇವ್ರು.”

“ದೇವ್ರಾದ್ರೆ ತುಕ್ಕು ಇಡಿಯಲ್ವಾ?”

“ಗಂಡನ್ನ ನುಂಗ್ದೋಳು, ನನ್ ಮಗನ್ ಜೀವಕ್ಕೂ ಕೈ ಆಕ್ತೀಯೇನೇ?”

ಅತ್ತೆಯ ಕೈ ನಿಲ್ಲಲಿಲ್ಲ. “ಅರಿಶಿಣ ಮಿಕ್ಕಿದ್ರೆ ನನ್ ಕೆನ್ನೆಗೆ ಅಚ್ಚವ್ವಾ,” ಅಂದಳು. “ಈ ಕಬ್ಣಕ್ಕೆ ಬ್ಯಾಡ.”

ಇವತ್ತಿನಿಂದ ಈ ಮನೆಯಲ್ಲಿ ನಿನಗೆ ಅನ್ನವಿಲ್ಲ ಎಂದು ಅಜ್ಜಿ ಕೂಗಿದ್ದು ಲೈನಿನ ತುದಿಯವರೆಗೂ ಕೇಳಿತು. ಜಗಲಿಯಲ್ಲಿ ಜನ ಸೇರಿದರು. ಅಮ್ಮ ಒಬ್ಬಟ್ಟಿನ ಹಂಚು ಇಳಿಸಿ ಬಾಗಿಲಿಗೆ ಬಂದಳು. ಅತ್ತೆ ಮಾತ್ರ ಬಟ್ಟೆಯ ತುದಿಯನ್ನು ಕಡ್ಡಿಗೆ ಸುತ್ತಿ, ಸಂದಿಸಂದಿಯ ಅರಿಶಿನ ತೆಗೆದು, ಎಣ್ಣೆ ಬಿಟ್ಟು, ಒಣಗಿದಂತೆ ಕಾಣುವವರೆಗೆ ಒರೆಸಿದಳು. ಅವಳು ಅಳಲಿಲ್ಲ. ಅತ್ತದ್ದು ನಾನು.

ಕಡ್ಲೆಪುರಿಯ ಪೊಟ್ಟಣ ಹಿಡಿದು ಅಪ್ಪ ಬಂದಾಗ ದೀಪ ಹಚ್ಚುವ ಹೊತ್ತು. ಅಜ್ಜಿ ಎದೆ ಬಡಿದುಕೊಂಡು ಎಲ್ಲ ಹೇಳಿದಳು; ಇವಳಿರಬೇಕು ಇಲ್ಲ ನಾನಿರಬೇಕು ಎಂದಳು. ಅಪ್ಪ ಪಿಸ್ತೂಲನ್ನು ಕೈಗೆ ತೆಗೆದುಕೊಂಡು ಗಾಲಿ ತಿರುಗಿಸಿದರು. ಅದು ಸರಾಗವಾಗಿ ತಿರುಗಿತು. ತಾಯಿಗೆ ಎಂದೂ ಎದುರಾಡದ ಮನುಷ್ಯ. ಗಾಲಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ಜಗಲಿಯಲ್ಲಿ ನಿಂತವರೆಲ್ಲ ನೋಡುವಂತೆ ಪಿಸ್ತೂಲನ್ನು ತಿರುಗಿ ಅತ್ತೆಯ ಕೈಗೇ ಇಟ್ಟರು. “ಅಕ್ಕಾ, ನಾಳೆ ಪೂಜೇನೂ ನೀನೇ ಮಾಡು,” ಅಂದು, ಅಮ್ಮನ ಕಡೆ ತಿರುಗಿ, “ಅಕ್ಕನ್ಗೆ ಮೊದ್ಲು ಬಡ್ಸು,” ಎಂದರು.

ಮಾರನೆಯ ದಿನ ಅತ್ತೆ ಕುಂಕುಮವನ್ನು ಮಣೆಗಿಟ್ಟು, ಪಿಸ್ತೂಲಿನ ಪಕ್ಕದಲ್ಲಿ ನೀರು ಹನಿಸದ ಒಂದು ಹೂವಿಟ್ಟು ಪೂಜೆ ಮುಗಿಸಿದಳು. ಅಂದಿನಿಂದ ದಿನಾ ಸಂಜೆ ಅದನ್ನು ಒರೆಸುವ ಕೆಲಸವೂ ಅವಳದೇ ಆಯಿತು. ಅಜ್ಜಿ ಮನೆ ಬಿಟ್ಟು ಹೋಗಲಿಲ್ಲ, ಸೋಲೊಪ್ಪಲೂ ಇಲ್ಲ. ಬದುಕಿರುವವರೆಗೂ ಪ್ರತಿವರ್ಷ ಪೂಜೆಯ ಹೊತ್ತಿಗೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಕಡ್ಲೆಪುರಿ ಹಂಚುವಾಗ ಮಾತ್ರ ಮುಖ ತಿರುಗಿಸದೆ ಕೈಯೊಂದನ್ನು ಹಿಂದಕ್ಕೆ ಚಾಚುತ್ತಿದ್ದಳು. ಅತ್ತೆ ಆ ಕೈಗೆ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದಳು. ಅಜ್ಜಿಯ ಮೇಲೆ ನನಗೆ ಈಗಲೂ ಸಿಟ್ಟಿದೆ, ಆ ಚಾಚಿದ ಕೈ ನೆನೆದರೆ ಮಾತ್ರ ಅಳು ಬರುತ್ತದೆ.

ಈಗ ಆ ಲೈನಿನಲ್ಲಿ ಸೂರಿಲ್ಲ, ಗೋಡೆಗಳ ನಡುವೆ ಜಾಲಿ ಬೆಳೆದಿದೆ. ವಯಸ್ಸಾದ ಮೇಲೆ ಅಪ್ಪ ಪಿಸ್ತೂಲನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿದರು. ಮೊದಲು ಅವರು ಹೋದರು, ಆಮೇಲೆ ಅತ್ತೆ. ಆದರೆ ಮದುವೆಮನೆಯಲ್ಲೋ ಗೃಹಪ್ರವೇಶದಲ್ಲೋ ಗಂಡನಿಲ್ಲದವಳೊಬ್ಬಳನ್ನು ಪಕ್ಕಕ್ಕೆ ಸರಿಸುವುದನ್ನು ಕಂಡರೆ ನಾನು ಇಂದಿಗೂ ಸುಮ್ಮನಿರುವುದಿಲ್ಲ. ಮಾತು ಬೆಳೆಯುತ್ತದೆ, ಬೆಳೆಯಲಿ. ಅವರಿಗೆ ನಾನು ಹೇಳುವುದು ಒಂದೇ: ನಮ್ಮಪ್ಪ ಅಷ್ಟೂ ವರ್ಷ, ಅಂಥವಳೊಬ್ಬಳು ಒರೆಸಿಕೊಟ್ಟ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು, ದಿನಾ ಸಂಜೆ ಮನೆಗೆ ಬಂದರು.