ಬೋಡಿಲ್ ಕೇಕ್ ತಂದ ಶುಕ್ರವಾರ

ಬೋಡಿಲ್‌ಳನ್ನು ಕಂಡರೆ ನನಗೆ ಹೊಟ್ಟೆಯುರಿ. ಸುಳ್ಳು ಯಾಕೆ ಹೇಳಲಿ? ಡೆನ್ಮಾರ್ಕಿನ ಎಸ್ಬಿಯರ್ ಬಂದರಿನ ನಮ್ಮ ಹಡಗು ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವವರು ನಾವಿಬ್ಬರೇ. ಯಾರ ಕೆಲಸ ಕೈಕೊಟ್ಟರೂ ಅವರು ಶುಕ್ರವಾರದ ಕಾಫಿಗೆ ಕೇಕ್ ತರಬೇಕು. ಹನ್ನೆರಡು ವರ್ಷದಲ್ಲಿ ನಾನು ತಂದದ್ದು ಹತ್ತೊಂಬತ್ತು ಸಲ. ಬೋಡಿಲ್ ಒಂದು ಸಲವೂ ಇಲ್ಲ! ಬೇಕರಿಯವಳು ನನ್ನನ್ನು ಕಂಡರೆ ಸಾಕು, "ಈ ಸಲ ಏನು ಕೆಡಿಸಿದ್ರಿ?" ಅನ್ನುತ್ತಾಳೆ.

ನಾನು ಕಂಪ್ಯೂಟರನ್ನೇ ಓದಿ ಬಂದವನು. ಅವಳೋ, ಮೀನು ಹರಾಜುಕಟ್ಟೆಯಲ್ಲಿ ತೂಕ ಬರೆಯುತ್ತಿದ್ದು, ನಲವತ್ತು ದಾಟಿದ ಮೇಲೆ ಕಲಿತವಳು. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಅನ್ನುತ್ತಾರೆ; ಯಂತ್ರ ಕುಸಿದಾಗ ಇನ್ನೊಂದು ಪುಟ್ಟ ಕರ್ನಲ್ ಎದ್ದು, ಏನಾಯಿತೆಂದು ಡಿಸ್ಕಿಗೆ ಬರೆದಿಡುತ್ತದೆ, ಆ ಬರಹವೇ ಡಂಪ್. ಆ ಪುಟ್ಟ ಕರ್ನಲ್‌ಗೆಂದೇ ಮೊದಲು ಮೆಮೊರಿ ತೆಗೆದಿಡಬೇಕು. ಸಾಲದಿದ್ದರೆ ಅದೂ ಸಾಯುತ್ತದೆ. ಬೋಡಿಲ್ ಪ್ರತಿ ಯಂತ್ರದಲ್ಲೂ ಐನೂರ ಹನ್ನೆರಡು ಎಂಬಿ ತೆಗೆದಿಟ್ಟಿದ್ದಳು. ವರ್ಷಕ್ಕೊಮ್ಮೆ ಬೇಕೆಂದೇ ಯಂತ್ರ ಬೀಳಿಸಿ, ಅಷ್ಟು ಸಾಕೇ ಎಂದು ನೋಡುತ್ತಿದ್ದಳು.

"ಪ್ರೆಬೆನ್, ಅವಳನ್ನ ನೋಡಿ ಕಲಿಯೋ ಮಾರಾಯ," ಎಂದ ನಮ್ಮ ಮೇಲಧಿಕಾರಿ ಹೆನಿಂಗ್, ಎಲ್ಲರೆದುರು.

ಮೈಯೆಲ್ಲ ಉರಿದುಹೋಯಿತು. ಮುಂದಿನ ಸೋಮವಾರ ಟಿಕೆಟ್ ಸರ್ವರಿನಲ್ಲಿ ಅವಳ ಐನೂರ ಹನ್ನೆರಡನ್ನು ನೂರಿಪ್ಪತ್ತೆಂಟಕ್ಕೆ ಇಳಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಈ ಮಹಾತಾಯಿಯೂ ಒಮ್ಮೆ ಕೇಕ್ ಹೊರಲಿ!

ಬುಧವಾರ ಮಧ್ಯಾಹ್ನ ಆ ಸರ್ವರ್ ತಾನಾಗಿಯೇ ಬಿತ್ತು. ಪುಟ್ಟ ಕರ್ನಲ್ ಎದ್ದಿತು, ಜಾಗ ಸಾಲದೆ ಸತ್ತಿತು. ಯಂತ್ರ ಯಾಕೆ ಬಿತ್ತೆಂದು ತಿಳಿಯಲು ಒಂದು ಸಾಲೂ ಉಳಿಯಲಿಲ್ಲ.

"ಡಂಪ್ ಎಲ್ಲಿ, ಬೋಡಿಲ್?" ಹೆನಿಂಗ್ ಕೂಗಿದ.

ನನಗೆ ಒಳಗೊಳಗೇ ಹಬ್ಬ. ಅಷ್ಟರಲ್ಲಿ ಅವಳು ಬದಲಾವಣೆಗಳ ದಾಖಲೆ ತೆರೆದಳು. ಯಾರು ಏನು ಬದಲಿಸಿದರೂ ಅಲ್ಲಿ ಹೆಸರು ಬೀಳುತ್ತದೆ. ಉರಿಯಲ್ಲಿ ಅದನ್ನೇ ಮರೆತಿದ್ದೆ. ಅವಳು ಪರದೆ ನೋಡಿದಳು, ನನ್ನನ್ನೂ ನೋಡಿದಳು.

"ಜಾಗ ಸಾಲ್ಲಿಲ್ಲ. ನಾನು ನೋಡ್ಕೋಬೇಕಿತ್ತು," ಎಂದು ಪುಟ ಮುಚ್ಚಿದಳು.

ಶುಕ್ರವಾರ ಸೇಬಿನ ಕೇಕ್ ತಂದಳು, ಮನೆಯಲ್ಲೇ ಮಾಡಿದ್ದು. ಎಲ್ಲರೂ ಎರಡೆರಡು ತುಂಡು ತಿಂದರು.

"ಇಂಥಾ ಕೈರುಚಿ ಅಂತ ಗೊತ್ತಿದ್ರೆ ಸರ್ವರ್‌ನ ನಾನೇ ಬೀಳಿಸ್ತಿದ್ದೆ ಕಣೇ!" ಎಂದ ಹೆನಿಂಗ್.

ಬಟ್ಟಲು ತೊಳೆಯುವಾಗ ಅವಳನ್ನು ಕೇಳಿದೆ: "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು. ವಾಪಸ್ ಐನೂರ ಹನ್ನೆರಡು ಮಾಡಿದೀನಿ. ಮುಟ್ಬೇಡ."

ಥೂ! ಬೈದಿದ್ದರೆ ಎಷ್ಟು ನೆಮ್ಮದಿಯಾಗುತ್ತಿತ್ತು. ನಾನು ಮಾಡಿದ ತಪ್ಪಿಗೂ ಹೊಗಳಿಸಿಕೊಂಡವಳು ಅವಳೇ.