ಸೋದರಮಾವನ ಬಲಗೈ

ನನ್ನ ಅಂಗಡಿಯಲ್ಲಿ ಕೂಸುಗಳ ಹಾಲಿನ ಪುಡಿಯ ಒಂದು ಡಬ್ಬಿಯಿದೆ. ಅದರ ಮೇಲೆ ಒಂದು ಮಗುವಿನ ಚಿತ್ರ. ಆ ಮಗುವನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೂಸಿನ ಮೇಲೆ ಸಿಟ್ಟಾಗುವವನು ಎಂಥ ಮನುಷ್ಯ ಎಂದು ನೀವು ಕೇಳಬಹುದು. ಉಪ್ಪು ಖಾರ ತಿನ್ನುವ ಮೈ, ಸಿಟ್ಟು ಬಾರದೆ ಇರುತ್ತದೆಯೇ? ನೀವೂ ಪುಣೆಯ ಬಿಬವೇವಾಡಿಯಲ್ಲಿ ಕಿರಾಣಿ ಅಂಗಡಿ ಇಟ್ಟು, ದಿನಾ ಶಟರ್ ಎತ್ತಿದ ಕೂಡಲೇ ಆ ಗಲ್ಲಗಳ ದರ್ಶನ ಮಾಡಿದ್ದರೆ ಹೀಗೇ ಆಗುತ್ತಿದ್ದಿರಿ. ಒಂದೊಂದು ಗಲ್ಲವೂ ಹೋಳಿಗೆಯ ಹೂರಣದ ಉಂಡೆಯಷ್ಟಿದೆ. ಅಂಗಡಿಗೆ ಬಂದ ತಾಯಂದಿರು ಒಮ್ಮೆ ಆ ಗಲ್ಲ ನೋಡುತ್ತಾರೆ, ಒಮ್ಮೆ ತಮ್ಮ ಕಂಕುಳಿನ ಕೂಸನ್ನು ನೋಡುತ್ತಾರೆ, ಮುಖ ಸಪ್ಪಗೆ ಮಾಡಿಕೊಂಡು "ಕಾಕಾ, ತೋ ಡಬ್ಬಾ ದ್ಯಾ" ಎಂದು ಅದೇ ಡಬ್ಬಿ ಕೇಳುತ್ತಾರೆ. ನಾನು ತೆಗೆದು ಕೊಡುತ್ತೇನೆ. ವ್ಯಾಪಾರಿ ನಾನು, ಸನ್ಯಾಸಿಯಲ್ಲ. ಆದರೆ ಕೊಡುವಾಗ ಹಲ್ಲು ಕಡಿದಿರುತ್ತೇನೆ.

ಎಲ್ಲ ಸಿಟ್ಟನ್ನೂ ಡಬ್ಬಿಯ ಮೇಲೆ ತೀರಿಸಿದರೆ ಅನ್ಯಾಯವಾದೀತು. ಡಬ್ಬಿಗೆ ಬಾಯಿಯಿಲ್ಲ. ಬಾಯಿ ಇರುವವರ ಮಾತಿಗೆ ಬರುತ್ತೇನೆ. ಕೂಸಿಗೆ ಅನ್ನ ಯಾವಾಗ ಶುರು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಒಬ್ಬ ಮನುಷ್ಯನನ್ನೂ ನಾನು ಈ ಪುಣೆಯಲ್ಲಿ ಕಂಡಿಲ್ಲ. ಕಾತ್ರಜಕ್ಕೆ ಬಸ್ಸು ಎಲ್ಲಿ ಸಿಗುತ್ತದೆ ಎಂದರೆ ತಲೆ ಕೆರೆದುಕೊಳ್ಳುವವರು ಕೂಸಿನ ಮಾತು ಬಂದರೆ ಸಾಕು, ಎದೆ ಸೆಟೆಸಿ ನಿಲ್ಲುತ್ತಾರೆ. ಅರ್ಧ ಕಿಲೋ ಶೇಂಗಾಕ್ಕೆ ಬಂದವರು ಒಂದು ತಾಸು ಉಪದೇಶ ಮಾಡಿ, ಶೇಂಗಾ ಮರೆತು ಹೋಗಿದ್ದಾರೆ. ಮೂರು ತಿಂಗಳಿಗೇ ಬಿಸ್ಕೀಟು ಅದ್ದಿ ತಿನ್ನಿಸಿ ಎಂದವರಿದ್ದಾರೆ. ಮದುವೆಯೇ ಆಗದ ಒಬ್ಬ ಬ್ಯಾಂಕಿನ ಸದ್‌ಗೃಹಸ್ಥರು ದಿನಾ ಜೇನು ನೆಕ್ಕಿಸಿ ಎಂದರು. ವರ್ಷ ತುಂಬುವವರೆಗೆ ಜೇನು ಮುಟ್ಟಿಸಲೇಬಾರದು ಎಂದು ನಮ್ಮ ಓಣಿಯ ಮಕ್ಕಳ ಡಾಕ್ಟರು ಬಾಯಿ ನೋಯುವಷ್ಟು ಹೇಳುತ್ತಾರೆ. ಆ ಬಾಯಿ ಒಂದೇ, ಉಪದೇಶದ ಬಾಯಿಗಳು ಓಣಿ ತುಂಬ ಇವೆ.

ಈ ಬಾಯಿಗಳು ನಮ್ಮ ಮನೆಗೇ ನುಗ್ಗಿದ್ದು ಹೋದ ವರ್ಷ, ನನ್ನ ತಂಗಿ ವಿದ್ಯಾಳಿಗೆ ಹೆಣ್ಣುಕೂಸು ಹುಟ್ಟಿದಾಗ. ಅಪ್ಪ ಅವ್ವ ಇಲ್ಲದ್ದರಿಂದ ಬಾಣಂತನ ನಮ್ಮಲ್ಲೇ ಆಯಿತು. ಮಾಡಿದವಳು ನನ್ನ ಹೆಂಡತಿ ಸುಮಾ, ಹೆಸರು ಬಂದದ್ದು ನನಗೆ. ಮೂರು ತಿಂಗಳಾದ ಮೇಲೆ ತಾಯಿ ಮಗಳನ್ನು ದೌಂಡಕ್ಕೆ ಕಳಿಸಿದೆವು. ವಿದ್ಯಾಳ ಗಂಡ ಗಿರೀಶ ಅಲ್ಲಿ ರೈಲ್ವೆಯಲ್ಲಿದ್ದಾನೆ. ಒಳ್ಳೆಯ ಹುಡುಗ, ಆದರೆ ಮನೆಯಲ್ಲಿ ಮಾತು ಏರಿದರೆ ತಕ್ಷಣ ಡ್ಯೂಟಿ ನೆನಪಾಗುವ ಪೈಕಿ. ಹೊರಡುವ ಮುಂಚೆ ಡಾಕ್ಟರು ವಿದ್ಯಾಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಆರು ತಿಂಗಳು ತುಂಬುವವರೆಗೆ ಎದೆಹಾಲೇ ಸಾಕು, ತುಂಬಿದ ಮೇಲೆ ತಡ ಮಾಡಬಾರದು. ಅಷ್ಟು ಹೊತ್ತಿಗೆ ಕೂಸಿನ ಕುತ್ತಿಗೆ ಗಟ್ಟಿ ನಿಲ್ಲುತ್ತದೆ, ಆನಿಸಿ ಕೂರಿಸಿದರೆ ಕೂರುತ್ತದೆ, ನಿಮ್ಮ ತಾಟಿನ ಮೇಲೆ ಕಣ್ಣು ಹಾಕುತ್ತದೆ. ಇದರಲ್ಲಿ ತಿಳಿಯದಿರುವಂಥದ್ದು ಏನಿದೆ, ನೀವೇ ಹೇಳಿ.

ಆದರೆ ವಿದ್ಯಾಳ ಅತ್ತೆ ಇಂದಿರಾಬಾಯಿಯವರ ಲೆಕ್ಕ ಬೇರೆಯಿತ್ತು. ಅವರು ಸೋಲಾಪುರದ ಕಡೆಯವರು. ಸಮಾಧಾನವಿದ್ದಾಗ ಕನ್ನಡ, ಸಿಟ್ಟು ಬಂದರೆ ಮರಾಠಿ. ಅನ್ನಪ್ರಾಶನಕ್ಕೆ ಈ ಕಡೆ ಉಷ್ಟಾವಣ ಎನ್ನುತ್ತಾರೆ. ಗಂಡುಕೂಸಿಗೆ ಸರಿ ತಿಂಗಳು, ಹೆಣ್ಣುಕೂಸಿಗೆ ಬೆಸ ತಿಂಗಳು. ಅದೂ ನಡೆಯುತ್ತಿರುವ ತಿಂಗಳನ್ನೇ ಹಿಡಿಯುವುದು ರೂಢಿ, ಹಾಗಾಗಿ ನಾಲ್ಕು ತುಂಬಿದ ಮರುದಿನವೇ ಐದನೆಯದು ಬಂತೆಂದು ಅರ್ಥ. ಮೊದಲ ತುತ್ತು ಸೋದರಮಾವನ ಕೈಯಿಂದಲೇ ಆಗಬೇಕು. ಅವನು ತಂದ ಬೆಳ್ಳಿಯ ಬಟ್ಟಲಿನಿಂದ ಅವನೇ ಪಾಯಸ ಮುಟ್ಟಿಸುವವರೆಗೆ ಒಂದು ಅಗುಳೂ ಕೂಸಿನ ಬಾಯಿಗೆ ಹೋಗುವಂತಿಲ್ಲ. ಈ ಕೊನೆಯ ಮಾತು ಸ್ವಲ್ಪ ನೆನಪಿಡಿ.

ಐದನೆಯ ತಿಂಗಳಲ್ಲಿ ಎರಡು ಮುಹೂರ್ತ ಸಿಕ್ಕವು. ವಿದ್ಯಾ ಬೇಡ ಅಂದಳು. ಕೂಸಿಗೆ ಇನ್ನೂ ಕೂರಲು ಬರುವುದಿಲ್ಲ, ಬಾಯಿಗೆ ಏನಿಟ್ಟರೂ ನಾಲಿಗೆಯಿಂದ ಹೊರಗೆ ನೂಕುತ್ತಾಳೆ, ಡಾಕ್ಟರು ಆರು ತುಂಬಲಿ ಅಂದಿದ್ದಾರೆ ಎಂದಳು. "ನಾವೇನು ಮಕ್ಕಳನ್ನ ಹಡದಿಲ್ಲೇನು?" ಎಂದರು ಇಂದಿರಾಬಾಯಿ. "ಕೂಸು ಮುಷ್ಟಿ ಚೀಪಲಿಕ್ಕತ್ತದ. ನಿನ್ನ ಹಾಲು ಸಾಲವಲ್ದು, ಅದಕ್ಕ." ಇದು ಒಂದು ದಿನದ ಮಾತಾಗಿದ್ದರೆ ಬಿಡಬಹುದಿತ್ತು. ಚಹಾಕ್ಕೊಮ್ಮೆ, ಊಟಕ್ಕೊಮ್ಮೆ, ನೆರೆಮನೆಯವರು ಬಂದರೆ ಅವರ ಮುಂದೊಮ್ಮೆ. ಕಡೆಗೆ ಒಂದು ಮಧ್ಯಾಹ್ನ ವಿದ್ಯಾಳ ಫೋನು ಬಂತು.

"ಅಣ್ಣಾ, ನಿನ್ನ ಅಂಗಡ್ಯಾಗಿನ ಆ ಡಬ್ಬಿ ಒಂದು ಕಳಸ್ತೀ ಏನು?"

"ಯಾಕ? ತೂಕ ಕಮ್ಮಿ ಆಗೇದೇನು ಕೂಸಿಂದು?"

"ಇಲ್ಲ, ತೂಕ ಛಲೋ ಅದ ಅಂದಾರ ಡಾಕ್ಟರು."

"ಮತ್ತ?"

ಮೂಗು ಸೇದುವ ಸದ್ದು ಕೇಳಿತು. "ನನ್ನ ಹಾಲು ಸಾಲವಲ್ದು ಅಂತ ಎಲ್ಲಾರೂ ಅಂತಾರ, ಅಣ್ಣಾ. ಖರೇನ ಇರಬೇಕು."

ಕಾಲೇಜಿನಲ್ಲಿ ಮಾಸ್ತರರ ತಪ್ಪು ತೋರಿಸಿ, ಕ್ಲಾಸಿನಿಂದ ಹೊರಗೆ ನಿಂತರೂ ಮಾತು ಹಿಂದೆ ತೆಗೆದುಕೊಳ್ಳದ ಹುಡುಗಿ ಇವಳು. ಅಂಥವಳಿಗೆ ಈಗ ತನ್ನ ಮೈಯ ಮೇಲೇ ಸಂಶಯ. ಡಬ್ಬಿ ಎರಡನೆಯ ಮಾತು, ಇವಳ ಮನಸ್ಸು ಹೀಗೆ ಕುಸಿದರೆ ಹಾಲೂ ಕುಸಿಯುತ್ತದೆ ಎಂದು ನನಗೆ ಭಯವಾಯಿತು. ಭಯವಾದರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ರವೆ ಕೇಳಿದವರಿಗೆ ಉಪ್ಪು ಕಟ್ಟಿಕೊಟ್ಟೆ. ಅವರು ಮರುದಿನ ಬಂದು ಜಗಳವಾಡಿದರು, ಅವರ ಮೇಲೂ ಹಾರಾಡಿದೆ.

ನಮ್ಮ ಅಜ್ಜನ ಮನೆಯಲ್ಲಿ ಒಂದು ಆಕಳಿತ್ತು. ಅದರ ಕರು ಹುಟ್ಟಿದಾರಭ್ಯ ಕೆಚ್ಚಲು ಬಿಟ್ಟು ಬೇರೇನೂ ಕೇಳಲಿಲ್ಲ. ಒಂದು ದಿನ ತಾನೇ ತಾಯಿಯ ಮೇವಿಗೆ ಮೂತಿ ಹಾಕಿ ಒಂದು ಎಳೆ ಎಳೆಯಿತು, ಅರ್ಧ ಉಗುಳಿತು, ಉಳಿದರ್ಧ ಅಗಿಯಿತು. ಅಜ್ಜ ಪಂಚಾಂಗ ತೆಗೆಯಲಿಲ್ಲ. ನೆರೆಯ ಎಮ್ಮೆ ಬಂದು ನಿನ್ನ ಹಾಲು ಸಾಲದಮ್ಮ ಎನ್ನಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯೊಂದಿದೆ. ಗಾದೆ ಕಟ್ಟಿದವನಿಗೆ ಬೀಗರಿರಲಿಲ್ಲ ಎಂದು ಕಾಣುತ್ತದೆ. ನಮ್ಮ ಮನೆಗೆ ಪೂಜೆಗೆ ಬರುವ ಆಚಾರ್ಯರನ್ನು ಕೇಳಿದರೆ, ಹಳೆಯ ಸೂತ್ರಗಳೂ ಆರನೆಯ ತಿಂಗಳನ್ನೇ ಹೇಳುತ್ತವೆ ಎಂದರು. ನಾನು ಹಿಗ್ಗಿ ಇಂದಿರಾಬಾಯಿಯವರಿಗೆ ಫೋನು ಮಾಡಿದೆ. "ಅದು ಗಂಡಿಗೆ, ಶ್ರೀಕಾಂತರಾವ್," ಎಂದು ಅವರು ಸಮಾಧಾನದ ಕನ್ನಡದಲ್ಲೇ ಹೇಳಿ ಇಟ್ಟುಬಿಟ್ಟರು.

ದೌಂಡಕ್ಕೇ ಹೋಗಿ ಜಾಡಿಸಿ ಬರುತ್ತೇನೆಂದು ಚಪ್ಪಲಿ ಹಾಕಿದೆ. ಸುಮಾ ಬಾಗಿಲಿಗೆ ಅಡ್ಡ ನಿಂತಳು.

"ನೀವು ಒದರ್ಯಾಡಿ ಬರ್ತೀರಿ, ಆಮ್ಯಾಲ ಅನಸ್ಕೊಳ್ಳಾಕಿ ವಿದ್ಯಾ. ಹೋಗಬ್ಯಾಡ್ರಿ. ಮುಹೂರ್ತಕ್ಕೂ ಹೋಗಬ್ಯಾಡ್ರಿ."

"ಅಂದ್ರ?"

"ಮಾಮಾನ ಇಲ್ಲಂದ್ರ ಉಷ್ಟಾವಣ ಹ್ಯಾಂಗ ಆಗ್ತದ?"

ಚಪ್ಪಲಿ ಬಿಚ್ಚಿ ಕೂತುಬಿಟ್ಟೆ. ಐದನೆಯದು ತಪ್ಪಿದರೆ ಹೆಣ್ಣುಕೂಸಿಗೆ ಮುಂದಿನದು ಏಳನೆಯ ತಿಂಗಳು. ಏಳನೆಯದು ಹತ್ತುವುದು ಆರು ತುಂಬಿದ ಮೇಲೆ. ಡಾಕ್ಟರ ಮಾತು, ಪಂಚಾಂಗದ ಮಾತು ಎರಡೂ ಒಂದೇ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದವು. ನಡುವೆ ಬೇಕಾದದ್ದು ಒಬ್ಬ ನಾಲಾಯಕ ಮಾವ. ವಿದ್ಯಾಳಿಗೆ ಫೋನಿನಲ್ಲಿ ಹೇಳಿದೆ. ಎಷ್ಟೋ ದಿನದ ಮೇಲೆ ನಕ್ಕಳು.

ಮೊದಲ ಮುಹೂರ್ತಕ್ಕೆ ಅಂಗಡಿಗೆ ಮಾಲು ಬರುತ್ತದೆ ಎಂದು ತಪ್ಪಿಸಿಕೊಂಡೆ. ಮಾಮಾ ಅನಿಸಿಕೊಳ್ಳುವ ಯೋಗ್ಯತೆ ಬೇಕು ಎಂದು ಇಂದಿರಾಬಾಯಿ ಶುದ್ಧ ಮರಾಠಿಯಲ್ಲಿ ಹೇಳಿದರು. ಎರಡನೆಯದಕ್ಕೆ ಅವರು ಗಿರೀಶನನ್ನೇ ಕಾರು ಕೊಟ್ಟು ಅಟ್ಟಿದರು. ಕಾರು ಕೆಳಗೆ ನಿಂತಿತ್ತು, ಸುಮಾ ಮೇಲೆ ನನ್ನ ಬಲಗೈಗೆ ಪಟ್ಟಿ ಸುತ್ತುತ್ತಿದ್ದಳು. ಸುತ್ತುವ ಹುರುಪಿನಲ್ಲಿ ಮಣಿಕಟ್ಟಿನಿಂದ ಬೆರಳ ತುದಿಯವರೆಗೂ ಸುತ್ತಿ, ಕೈಯನ್ನು ಕಡುಬು ಮಾಡಿಬಿಟ್ಟಳು. ಅಕ್ಕಿ ಚೀಲ ಎತ್ತುವಾಗ ಉಳುಕಿತೆಂದು ಗಿರೀಶನಿಗೆ ಹೇಳಿದೆ. ಅವನಿಗೆ ಎಷ್ಟು ತಿಳಿಯಿತೋ, ದಾರಿಯುದ್ದಕ್ಕೂ ಬರೇ ಕ್ರಿಕೆಟ್ ಮಾತಾಡಿದ.

ದೌಂಡದ ಮನೆಯಲ್ಲಿ ರಂಗೋಲಿ, ಮಣೆ, ಪಾಯಸ, ಫೋನು ಎತ್ತಿ ಹಿಡಿದ ನೆಂಟರು. ರೇಷ್ಮೆ ಲಂಗ ಉಟ್ಟ ಕೂಸು ವಿದ್ಯಾಳ ತೊಡೆಯ ಮೇಲೆ ಒಂದು ಪಕ್ಕಕ್ಕೆ ಜಾರುತ್ತಿತ್ತು. ಇಂದಿರಾಬಾಯಿ ನನ್ನ ಕೈ ನೋಡಿ ನಿಂತುಬಿಟ್ಟರು. ಯಾರೋ ಎಡಗೈಲೆ ಮುಟ್ಟಿಸಿದರಾಯಿತು ಎಂದರು. "ಶಿವ ಶಿವ! ಮೊದಲನೇ ತುತ್ತು ಎಡಗೈಲೆ?" ಎಂದು ಇಂದಿರಾಬಾಯಿ ಗಲ್ಲ ಬಡಿದುಕೊಂಡರು. "ಬ್ಯಾಡ, ಬ್ಯಾಡ. ಏಳನೇದರಾಗ ಮಾಡೂಣು." ಮುಗಿಯಿತು. ಪಾಯಸ ನೆಂಟರಿಗೆ ಬಡಿಸಿದರು. ನಾನು ಎಡಗೈಯಲ್ಲಿ ಚಮಚೆ ಹಿಡಿದು, ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು ಉಂಡೆ.

ಗೆದ್ದೆನೆಂದು ಖುಷಿಯಾಗಬೇಕಿತ್ತು. ಮರಳಿ ಬರುವ ರೈಲಿನಲ್ಲಿ ನನಗೆ ಹಿಂದೆಂದೂ ಬಾರದಂಥ ಸಿಟ್ಟು ಬಂತು. ಹಗಲೂ ರಾತ್ರಿ ಕೂಸನ್ನು ಎದೆಗೆ ಹಾಕಿಕೊಂಡು, ಅದರ ಅಳುವಿನಲ್ಲಿ ಹಸಿವೆ ಯಾವುದು, ನಿದ್ದೆ ಯಾವುದು ಎಂದು ಬಲ್ಲವಳು ವಾರಗಟ್ಟಲೆ ಬೇಡ ಎಂದಳು. ಅದು ಹಟ. ಕೂಸನ್ನು ನೆಟ್ಟಗೆ ಎತ್ತಲೂ ಬಾರದ ಕಿರಾಣಿ ಅಂಗಡಿಯವನ ಮಣಿಕಟ್ಟು ಉಳುಕಿತು, ಅದೂ ಸುಳ್ಳೇ. ಅದು ಶಾಸ್ತ್ರ. ಎಂಥ ಮನೆ ಇದು, ಎಂಥ ಮಂದಿ ನಾವು!

ಏಳನೆಯ ತಿಂಗಳು ಬಂತು, ನಾನು ಪಟ್ಟಿಯಿಲ್ಲದೆ ಹೋದೆ. ಅಡಿಗೆಮನೆಯಲ್ಲಿ ವಿದ್ಯಾ ಅಕ್ಕಿ, ಹೆಸರುಬೇಳೆಯ ಗಂಜಿಯನ್ನು ಅರೆದು ನುಣ್ಣಗೆ ಮಾಡುತ್ತಿದ್ದಳು. ಮೈ ಕೈ ತುಂಬಿಕೊಂಡಿದ್ದಳು, ಡಬ್ಬಿಯ ಮಾತು ಎತ್ತಲಿಲ್ಲ. ನನ್ನ ಕೈ ನೋಡಿ ನಕ್ಕಳು, ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಅಣ್ಣಾ, ನಿನ್ನ ಸುಳ್ಳು ಪಟ್ಟಿಗೆ ಇಷ್ಟು ಕಿಮ್ಮತ್ತು ಅದ. ನನ್ನ ಖರೇ ಮಾತಿಗೆ ಯಾವಾಗ ಬರ್ತದ?" ನನ್ನಲ್ಲಿ ಸಿಟ್ಟಿತ್ತು, ಆದರೆ ಅದನ್ನು ಅವಳಿಗೆ ಕೊಟ್ಟು ಪ್ರಯೋಜನವೇನು?

ಮಣೆಯ ಮೇಲೆ ವಿದ್ಯಾ ಕೂತಳು. ಅವಳ ಹೊಟ್ಟೆಗೆ ಆನಿಕೊಂಡು ಕೂಸು ನೆಟ್ಟಗೆ ಕೂತು ಬೆಳ್ಳಿಯ ಬಟ್ಟಲನ್ನೇ ನೋಡುತ್ತಿತ್ತು. ಬೆರಳ ತುದಿಯ ಪಾಯಸ ತುಟಿಗೆ ಮುಟ್ಟಿಸಿದೆ. ಕೂಸು ನನ್ನ ಬೆರಳನ್ನೇ ಹಿಡಿದು ಬಾಯೊಳಗೆ ಎಳೆದುಕೊಂಡಿತು. ನೆಂಟರೆಲ್ಲ ನಕ್ಕರು. ಆಮೇಲೆ ಅದೇ ಬಟ್ಟಲಿಗೆ ಹಾಕಿದ ಗಂಜಿಯನ್ನು ಚಮಚೆಯಿಂದ ಕೊಟ್ಟೆ, ಅದಕ್ಕೂ ಬಾಯಿ ತೆರೆಯಿತು, ಸ್ವಲ್ಪ ಉಗುಳಿತು, ಸ್ವಲ್ಪ ನುಂಗಿತು, ಮತ್ತೆ ಬಾಯಿ ತೆರೆಯಿತು. ಆಮೇಲೆ ತುಟಿ ಬಿಗಿದು ಮುಖ ತಿರುಗಿಸಿಬಿಟ್ಟಿತು.

"ಸಾಕ್ರಿ, ಆಕಿಗೆ ಬ್ಯಾಡಾತು," ಎಂದಳು ವಿದ್ಯಾ.

ಯಾರಿಗೂ ಕೇಳಿಸಲಿಲ್ಲ. "ಇನ್ನೊಂದು ತುತ್ತು ಹಾಕ್ರಿ, ಶ್ರೀಕಾಂತರಾವ್. ಇಷ್ಟ ದಿನಾ ಕಾದದ ಕೂಸು," ಎಂದರು ಇಂದಿರಾಬಾಯಿ. ಹೌದು, ಹಾಕ್ರಿ ಹಾಕ್ರಿ ಎಂದು ಎಲ್ಲ ಬಾಯಿಗಳೂ ಸೇರಿದವು. ಚಮಚೆ ನನ್ನ ಕೈಯಲ್ಲೇ ಇತ್ತು. ವಿದ್ಯಾ ಕೂಸನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಬಟ್ಟಲನ್ನು ಟಣ್ ಎಂದು ನೆಲಕ್ಕಿಟ್ಟೆ.

"ಯಾಕ್ರಿ, ಕೈ ಮತ್ತ ಉಳುಕ್ತೇನು?" ಎಂದು ಇಂದಿರಾಬಾಯಿ ನನ್ನ ಮುಖವನ್ನೇ ನೋಡಿದರು. ಅವರಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು.

"ಇಲ್ರಿ, ಕೈ ಭೇಷ್ ಅದ," ಎಂದೆ. "ತಾಯಿ ಸಾಕ ಅಂದಾಳ್ರಿ. ಅದಕ್ಕ ಇಟ್ಟೆ."

ವಿದ್ಯಾ ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು. ನಾನು ಬಟ್ಟಲಲ್ಲಿ ಉಳಿದ ಗಂಜಿಯನ್ನು ಎಲ್ಲರ ಎದುರಿಗೇ ಬಲಗೈಯಿಂದ ಬಳಿದು ತಿಂದೆ. ಅದರಲ್ಲಿ ಉಪ್ಪೂ ಇರಲಿಲ್ಲ, ಖಾರವೂ ಇರಲಿಲ್ಲ. ಆದರೂ ಸಿಟ್ಟು ಹಾಗೇ ಇತ್ತು, ಇವತ್ತಿಗೂ ಇದೆ.